ಮೂವತ್ತೊಂಬತ್ತಕ್ಕೆ ಮನೆಗೆ ಬಂದ ಅಪ್ಪ

ಬಿಳಿದಂಡೆ, ಎಂಟನೆಯ ಸಾಲು, ಮೂರನೆಯ ಮನೆ.
ಫೆಬ್ರವರಿ ಮೂವತ್ತೊಂದು, ೨೨೧೧.

ಪೂಜ್ಯ ದ್ಯಾಮವ್ವನವರ ಪಾದಗಳಿಗೆ, ಅವರ ಮೊಮ್ಮಗಳ ಮೊಮ್ಮಗಳ ಮೊಮ್ಮಗಳ ಮಗಳಾದ ಹುಲಿಗೆಮ್ಮ ಮಾಳಪ್ಪ ಕುರಿ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಇದ್ದವಂತೆ. ಆ ತಿಂಗಳು ಕೆಲಸ ಕಡಿಮೆ ಬೀಳುತ್ತದೆಂದು ಇಲ್ಲಿನ ಕಂಪನಿ ಬೇಸರಪಟ್ಟು ಇನ್ನೂ ಮೂರು ದಿನ ಸೇರಿಸಿಕೊಂಡಿತು. ಆ ಮೂರು ದಿನಗಳನ್ನು ಎಲ್ಲಿಂದ ತಂದರೆಂದು ಯಾರೂ ಕೇಳಲಿಲ್ಲ. ನಮ್ಮ ಭಾನುವಾರಗಳಿಂದ ಕಿತ್ತು ತಂದರೆಂದು ಅವ್ವನ ಗುಮಾನಿ. ಈ ಪತ್ರದಲ್ಲಿ ಇಂಥ ವಿಚಿತ್ರ ಸಂಗತಿಗಳೂ ವಿಚಿತ್ರ ಪದಗಳೂ ಬರುತ್ತವೆ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನೂ ನಿಮ್ಮ ಹಳೆಯ ನೋಟ್‌ಬುಕ್ಕಿನ ‘ಟಿಫಿನ್ ಡಬ್ಬಿ’ ಎಂದರೇನೆಂದು ತಿಳಿಯದೆ ಮೂರು ದಿನ ಒದ್ದಾಡಿದ್ದೇನೆ, ಲೆಕ್ಕ ಸರಿಹೋಯಿತು.

ಇನ್ನೊಂದು ತೊಡಕು. ಸಂಬಂಧದಲ್ಲಿ ನೀವು ಏಳು ತಲೆಮಾರು ಮೇಲಿನವರು. ಆದರೆ ನಿಮ್ಮ ನೋಟ್‌ಬುಕ್ಕಿನ ಮೇಲೆ ‘ಆರನೆಯ ಇಯತ್ತೆ, ವಯಸ್ಸು ಹನ್ನೊಂದು’ ಎಂದಿದೆ. ನನಗೆ ಹದಿಮೂರು. ಎರಡು ವರ್ಷ ಚಿಕ್ಕವಳಿಗೆ ‘ನೀವು’ ಎನ್ನುತ್ತಾ ಕೂರುವುದು ನನ್ನ ಗೌರವಕ್ಕೆ ಕುಂದು. ಆದ್ದರಿಂದ ಇಲ್ಲಿಂದ ಮುಂದೆ ನೀನು ‘ನೀನು’.

ಬರೆಯುತ್ತಿರುವುದು ನಿನ್ನ ನೋಟ್‌ಬುಕ್ಕಿನಲ್ಲೇ. ನಮ್ಮ ಮನೆತನದವರು ಎಷ್ಟು ಊರು ಬದಲಿಸಿದರೂ ಟ್ರಂಕಿನ ತಳದಲ್ಲಿ ಇದನ್ನು ಬಿಡಲಿಲ್ಲ. ನಿನ್ನ ಪ್ರಬಂಧದ ನಂತರ ಹನ್ನೊಂದು ಹಾಳೆ ಖಾಲಿ ಇದ್ದವು. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎನ್ನುವುದು ನನಗೂ ಗೊತ್ತು. ಆದರೆ ಪುಟ ತಿರುಗಿಸುವುದು ನಿನ್ನ ಕೈಯಲ್ಲಿದೆ. ಉಳಿದದ್ದನ್ನು ನೀನೇ ಹೇಗಾದರೂ ಮಾಡಿಕೋ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಾರಣ ನಿನ್ನ ಪ್ರಬಂಧವೇ, ಅದನ್ನು ನಿನಗೇ ಓದಿ ಹೇಳುತ್ತೇನೆ. ‘ನನ್ನ ತಂದೆಯ ಹೆಸರು ಫಕೀರಪ್ಪ. ನಾವು ಕೊಪ್ಪಳ ಬಿಟ್ಟು ಗೋವಾಕ್ಕೆ ಬಂದಿದ್ದೇವೆ. ನನ್ನ ತಂದೆ ಬಂದರಿನಲ್ಲಿ ಮೂಟೆ ಹೊರುತ್ತಾರೆ. ಕೂಲಿಗಳ ಮುಕಾದಮ ಅವರಿಗೆ ದಿನಾಲೂ ಬೈಯುತ್ತಾನೆ. ಅವರು ಮನೆಗೆ ಬಂದು ನಮಗೆ ಬೈಯುತ್ತಾರೆ. ನಿನ್ನೆ ತಾಟು ಗೋಡೆಗೆ ಒಗೆದರು. ನನ್ನ ತಮ್ಮ ಹೆದರಿ ಚಡ್ಡಿ ಒದ್ದೆ ಮಾಡಿಕೊಂಡ. ಆಮೇಲೆ ಅವರೇ ನೆಲ ಬಳಿದರು. ನನ್ನ ಪಕ್ಕ ಕೂತು ಜಡೆ ಬಿಚ್ಚಿ ಮತ್ತೆ ಹೆಣೆದರು. ಅವರಿಗೆ ಹೆಣೆಯಲು ಬರುವುದಿಲ್ಲ. ನನ್ನ ತಂದೆಯ ಸಿಟ್ಟನ್ನು ಯಾರಾದರೂ ಬಾಗಿಲಲ್ಲೇ ಇಸಕೊಂಡರೆ ಚೆನ್ನಾಗಿರುತ್ತಿತ್ತು.’ ಹತ್ತಕ್ಕೆ ಏಳು. ಕೆಂಪು ಶಾಯಿಯಲ್ಲಿ ಮಾಸ್ತರರ ಷರಾ: ‘ಅಕ್ಷರ ದುಂಡಾಗಿರಲಿ.’

ದ್ಯಾಮವ್ವ, ನಿನ್ನ ಅರ್ಜಿ ಮಂಜೂರಾಗಿದೆ. ನೂರಾ ಎಂಬತ್ತು ವರ್ಷ ತಡವಾಯಿತು, ಅಷ್ಟೇ. ಅದರ ಫಲ ಉಣ್ಣುತ್ತಿರುವವಳು ನಾನು.

ನಾವಿರುವುದು ಭೂಮಿಯ ತೆಂಕಣ ತುದಿಯ ಹಿಮದ ನಾಡಿನಲ್ಲಿ. ನೀರಿಲ್ಲದ ಪಟ್ಟಣಗಳಿಗೆ ಇಲ್ಲಿನ ಹಿಮ ಕರಗಿಸಿ ಕೊಳವೆಯಲ್ಲಿ ಕಳಿಸುತ್ತಾರೆ. ಅಪ್ಪ ಮಾಳಪ್ಪ ಊರಲ್ಲಿ ಕುರಿ ಕಾಯುತ್ತಿದ್ದವನು, ಈಗ ನಲವತ್ತು ಕೊಳವೆ ಕಾಯುತ್ತಾನೆ. ಅವನ ಕಿವಿಯೊಳಗೆ ಕಡಲೆಕಾಳಿನಷ್ಟು ದೊಡ್ಡ ಯಂತ್ರವಿದೆ. ಕಾರ್ಮಿಕರು ಅದನ್ನು ಕಿವಿಮೇಸ್ತ್ರಿ ಎನ್ನುತ್ತಾರೆ. ಅದು ಕೂಗಾಡುವುದಿಲ್ಲ. ಹತ್ತು ತಾಸೂ ಒಂದೇ ಸಮನೆ, ತುಂಬಾ ಮರ್ಯಾದೆಯಿಂದ, ‘ಮುಂದಿನದು, ಮುಂದಿನದು’ ಎನ್ನುತ್ತಿರುತ್ತದೆ. ನಿಮ್ಮ ಮುಕಾದಮ ಬಾಯಿ ನೋಯಿಸಿಕೊಂಡಾದರೂ ಸುಮ್ಮನಾಗುತ್ತಿದ್ದ. ಇದಕ್ಕೆ ಬಾಯಿಯೇ ಇಲ್ಲ.

ಹೀಗೆ ದಿನವಿಡೀ ಕುದ್ದವರು ಮನೆಗೆ ಬಂದು ಮಕ್ಕಳ ಮೇಲೆ ಹಾಯುತ್ತಾರೆಂದು ದೊಡ್ಡವರಿಗೆ ಚಿಂತೆಯಾಗಿ ‘ವಲಸೆ ಮಕ್ಕಳ ಮನಶ್ಶಾಂತಿ ನಿಯಮ’ ಬಂತು. ಕೆಲಸ ಮುಗಿಸಿದವರು ನೇರ ಮನೆಗೆ ಬರುವಂತಿಲ್ಲ. ತಣಿಮನೆ ಎಂಬಲ್ಲಿಗೆ ಹೋಗಿ ಆರಬೇಕು. ಒಬ್ಬೊಬ್ಬರ ಕೋಣೆಯ ಬಾಗಿಲ ಮೇಲೆ, ಒಳಗೂ ಹೊರಗೂ, ಅವರೊಳಗಿನ ಕಾವು ಎಷ್ಟಿದೆಯೆಂದು ಕೆಂಪು ಅಂಕಿ ಕಾಣಿಸುತ್ತದೆ. ನಲವತ್ತಕ್ಕಿಂತ ಕೆಳಗೆ ಇಳಿದರೆ ಮನೆಗೆ ಬಿಡುತ್ತಾರೆ. ಇಳಿಯುವ ಮೊದಲೇ ತಣಿಮನೆ ಮುಚ್ಚುವ ಗಂಟೆ ಬಾರಿಸಿದರೆ, ಇಲ್ಲವೆ ಹೊಸ್ತಿಲಲ್ಲಿ ಮತ್ತೆ ನಲವತ್ತಾದರೆ, ಒಂದು ಕೆಂಪು ಗುರುತು. ಮೂರು ಗುರುತಾದರೆ ಆ ಕಾರ್ಮಿಕನನ್ನು ಒಂದು ವರ್ಷ ದೂರಸಾಲಿಗೆ ಕಳಿಸುತ್ತಾರೆ. ಅದು ಹಿಮದ ಮೇಲೆ ನಾಲ್ಕು ದಿನದ ಹಾದಿ. ಅಲ್ಲಿ ಹೆಂಡಿರು ಮಕ್ಕಳಿಗೆ ಪ್ರವೇಶವಿಲ್ಲ. ಇದೆಲ್ಲ ಮಕ್ಕಳ ಹಿತಕ್ಕಾಗಿ ಎಂದು ನಿಯಮದಲ್ಲಿ ಎರಡು ಸಲ ಬರೆದಿದೆ.

ಇದು ವಲಸೆಯವರಿಗೆ ಮಾತ್ರ. ನೆಲದವರಿಗೆ, ಅಂದರೆ ನಮಗಿಂತ ಎರಡು ಹಡಗು ಮುಂಚೆ ಬಂದವರಿಗೆ, ಅಳತೆಯಿಲ್ಲ. ನನ್ನ ತರಗತಿಯ ಐಲಾ ನೆಲದವಳು. ಅವಳಪ್ಪ ಬಾಗಿಲನ್ನು ಧಡಾರೆಂದು ಹಾಕಿಕೊಂಡನೆಂದೂ ಆಮೇಲೆ ಬಂದು ತಪ್ಪಾಯಿತೆಂದು ಅಂಗಲಾಚಿದನೆಂದೂ ಅವಳು ಹೇಳಿಕೊಂಡಳು. ವಲಸೆಯ ಮಕ್ಕಳೆಲ್ಲ ಸುತ್ತ ಕೂತು ಬಾಯಿಬಿಟ್ಟು ಕೇಳಿದೆವು. ನಾನು ಮನೆಗೆ ಬಂದು ಬಾಗಿಲು ಪರೀಕ್ಷಿಸಿದೆ. ನಮ್ಮದು ಸರಿದು ಮುಚ್ಚುವ ಬಾಗಿಲು, ಧಡಾರೆನ್ನುವುದಿಲ್ಲ. ಅದರಲ್ಲೂ ನಮಗೆ ಅನ್ಯಾಯ.

ನಾವು ಇಲ್ಲಿಗೆ ಬಂದು ನಾಲ್ಕು ವರ್ಷ. ಅಪ್ಪನಿಗೆ ಮೊದಲ ವರ್ಷವೇ ಎರಡು ಗುರುತು ಬಿದ್ದವು. ಅಂದಿನಿಂದ ಅವನಿಗೆ ಹೆದರಿಕೆ. ಮೂವತ್ತೈದಕ್ಕೇ ಎದ್ದು ಬರಬಹುದಾಗಿದ್ದ ಮನುಷ್ಯ ಹತ್ತು, ಎಂಟು ಆಗುವವರೆಗೂ ಕೂತೇ ಇರುತ್ತಿದ್ದ. ಎರಡು ತಾಸು ತಡವಾಗಿ ಬಂದು, ಇಸ್ತ್ರಿ ಮಾಡಿದ ಅಂಗಿಯಂಥ ಮುಖ ಇಟ್ಟುಕೊಂಡು ಮೂರು ಪ್ರಶ್ನೆ ಕೇಳುತ್ತಿದ್ದ. “ಉಂಡಿ? ಓದಿದಿ? ಆರಾಮ ಅದಿಯಿಲ್ಲೋ?” ನಾನು ಏನೇ ಹೇಳಿದರೂ “ಛಲೋ ಆತು” ಎನ್ನುತ್ತಿದ್ದ. ಒಮ್ಮೆ ಅವನನ್ನು ಪರೀಕ್ಷಿಸಲೆಂದು ಶಾಲೆಯ ಸುದ್ದಿ ತೆಗೆದು “ಯಪ್ಪಾ, ಸಾಲಿಗೆ ಬೆಂಕಿ ಹಚ್ಚಿ ಬಂದೆ” ಎಂದೆ. “ಛಲೋ ಆತು” ಎಂದು ಮಲಗಿದ. ಅವ್ವ ನಮ್ಮ ಎಂಟನೆಯ ಸಾಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಅದು ನಮ್ಮ ಗೋಡೆಗೇ ಅಂಟಿದೆ. ದಾಟಲು ಹೊಸ್ತಿಲೇ ಇಲ್ಲದ್ದರಿಂದ ಅವಳಿಗೆ ಅಳತೆಯೂ ಇಲ್ಲ. ಅವಳು ನನಗೆ ಸಾಕಷ್ಟು ಬೈಯುತ್ತಾಳೆ. ಆದರೆ ಒಂದೇ ಕಡೆಯಿಂದ ಬೈಸಿಕೊಂಡರೆ ಊಟದಲ್ಲಿ ಬರೀ ಅನ್ನ ಉಂಡಂತೆ.

ಅಪ್ಪ ತಣಿಮನೆಯಲ್ಲಿ ಏನು ಮಾಡುತ್ತಾನೆಂದು ವಿಚಾರಿಸಿದೆ. ಕೆಲವರು ಅಲ್ಲಿ ಮೀನಿನ ತೊಟ್ಟಿ ನೋಡುತ್ತಾರೆ, ಕೆಲವರು ಮಣ್ಣು ಕಲಸುತ್ತಾರೆ. ಅಪ್ಪ ಒಂದು ಕುರಿಯ ಜೊತೆ ಕೂರುತ್ತಾನೆ. ಹದಿನೇಳನೆಯ ನಂಬರಿನ ಕುರಿ. ನನ್ನ ಅಪ್ಪನ ಎರಡು ತಾಸನ್ನು ದಿನಾ ಮೇಯುತ್ತಿದ್ದದ್ದು ಅದು.

ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಒಂದು ಘನತೆ ಇರುತ್ತದೆ. ಕುರಿಯ ಮೇಲೆ ಪಟ್ಟರೆ ಯಾರಿಗೂ ಹೇಳಿಕೊಳ್ಳುವಂತಿಲ್ಲ. ನಾನು ಗುಟ್ಟಾಗಿ ಯೋಜನೆ ಹಾಕಿದೆ. ಮೂರು ದಿನ ಯಾರನ್ನೂ ತಣಿಸದ ಕುರಿಯನ್ನು ಉಣ್ಣೆಯ ವಿಭಾಗಕ್ಕೆ ವರ್ಗ ಮಾಡುತ್ತಾರೆ. ಹಾಗಾದರೆ ಹದಿನೇಳರ ಹತ್ತಿರ ಯಾರೂ ಸುಳಿಯದಂತೆ ಮಾಡಬೇಕು. ಅವ್ವನ ಒರಳಿನಲ್ಲಿ ಒಂದು ಹಿಡಿ ನಾರುವ ಬಳ್ಳೊಳ್ಳಿ ಜಜ್ಜಿ, ಎಣ್ಣೆಯಲ್ಲಿ ಕಲಸಿ, ಪಾಟಿಚೀಲದಲ್ಲಿಟ್ಟುಕೊಂಡೆ. ಖಾರ ಸೇರಿಸಲಿಲ್ಲ, ಕುರಿಯ ಕಣ್ಣು ಉರಿದೀತು. ನಾನು ಹೊಟ್ಟೆಕಿಚ್ಚಿನವಳು, ಕಟುಕಳಲ್ಲ.

ತಣಿಮನೆಯ ಕುರಿಗಳನ್ನು ನೋಡಿಕೊಳ್ಳುವವನು ಯಾದಗಿರಿ ಕಡೆಯ ಮೌಲಾಸಾಬ. ಕುರಿಯ ಬಗ್ಗೆ ಪ್ರಬಂಧ ಬರೆಯಬೇಕೆಂದು ಅವನೆದುರು ಗಂಭೀರವಾಗಿ ನಿಂತೆ.

“ಕುರಿ ಬಗ್ಗೆ ಏನ್ ಬರೀತಿಯಬೇ? ನಾಕ ಕಾಲು, ಒಂದ ಬಾಲ. ಮುಗೀತು” ಎಂದ.

“ಕಾಕಾ, ಹತ್ತು ಸಾಲು ಕೇಳ್ಯಾರ. ನೀ ಹೇಳಿದ್ದು ಎರಡ ಆತು.”

“ಐದ ನಿಮಿಷ. ಹಿಂದ ಹುಲ್ಲಿನ ಕಡೆ ಹೋಗಬ್ಯಾಡ.”

ಒಳಗೆ ಹೋದವಳೇ ಹದಿನೇಳರ ಕುತ್ತಿಗೆ, ಬೆನ್ನು, ಕಿವಿಯ ಹಿಂದೆಲ್ಲ ಬಳ್ಳೊಳ್ಳಿ ತಿಕ್ಕಿದೆ. ಅದು ನನ್ನ ಕೈ ನೆಕ್ಕಿತು. ಶತ್ರುವಿನಿಂದ ಇಂಥ ಸೌಜನ್ಯವನ್ನು ನಾನು ನಿರೀಕ್ಷಿಸಿರಲಿಲ್ಲ. ಅಷ್ಟರಲ್ಲಿ ಬಾಗಿಲು ಸರಿದ ಸದ್ದಾಯಿತು. ನಾನು ಹುಲ್ಲಿನ ಹೊರೆಗಳ ಹಿಂದೆ ಅಡಗಿದೆ.

ಒಳಗೆ ಬಂದವನು ಅಪ್ಪ. ಬಾಗಿಲ ಮೇಲೆ ಎಪ್ಪತ್ತೊಂದು ಎಂದು ಬಿತ್ತು. ಅವನು ನೆಲದ ಮೇಲೆ ಕುಸಿದು ಕೂತ. ಆಮೇಲೆ ಕೈ ಚಾಚಿ ಕರೆದ.

“ಬಾರಬೇ, ಹುಲಿಗಿ.”

ಸಿಕ್ಕಿಬಿದ್ದೆನೆಂದು ಎದ್ದು ನಿಲ್ಲುವಷ್ಟರಲ್ಲಿ ಕುರಿ ಅವನ ಹತ್ತಿರ ಹೋಯಿತು. ನಾನು ಮತ್ತೆ ಕುಕ್ಕರಿಸಿದೆ. ಹೆಸರು ಅದರದ್ದು. ನನ್ನ ಹೆಸರು ಅದರದ್ದು. ದ್ಯಾಮವ್ವ, ನಿನ್ನ ತಮ್ಮ ನಿನ್ನ ತಾಟಿನ ರೊಟ್ಟಿ ಕದ್ದಾಗ ಹೇಗಾಗಿರಬಹುದೋ ಅದನ್ನು ನೂರರಿಂದ ಗುಣಿಸು.

ಅಪ್ಪ ಮೂಗು ಅರಳಿಸಿದ. “ಇದೇನಬೇ? ನಿಮ್ಮವ್ವ ಬಂದಿದ್ಳೇನು ಇಲ್ಲಿ? ಬಳ್ಳೊಳ್ಳಿ ನಾತ.” ನಾನು ಕಾಯುತ್ತಿದ್ದ ಘಳಿಗೆ. ಈಗ ಮುಖ ಕಿವುಚಿ ದೂರ ತಳ್ಳುತ್ತಾನೆ ಎಂದುಕೊಂಡೆ. ಅವನು ಎರಡೂ ಕೈಯಿಂದ ಕುರಿಯನ್ನು ಬಾಚಿ ತಬ್ಬಿ, ಉಣ್ಣೆಯೊಳಗೆ ಮುಖ ಹುದುಗಿಸಿ, ಉದ್ದಕ್ಕೆ ಉಸಿರೆಳೆದ. ಅರವತ್ತು, ನಲವತ್ತೆಂಟು, ಮೂವತ್ತು. ಅಂಕಿ ಇಳಿಜಾರಿನಲ್ಲಿ ಬಿಟ್ಟ ಗಾಲಿಯಂತೆ ಉರುಳಿತು. ಅವ್ವನ ಒರಳಿನ ವಾಸನೆ ಹಚ್ಚಿ ನನ್ನ ವೈರಿಯನ್ನು ನಾನೇ ಮನೆಯವಳನ್ನಾಗಿ ಮಾಡಿದ್ದೆ.

ಆಮೇಲೆ ಅಪ್ಪ ಮಾತಾಡಿದ. ನನಗೆ ಮೂರು ಪ್ರಶ್ನೆ ಕೇಳಿ ಮಲಗುವ ಅದೇ ಮನುಷ್ಯ.

“ಇವತ್ತ ಕಿವ್ಯಾಗಿನವ ಏನಂದ ಗೊತ್ತೇನು? ಮಾಳಪ್ಪನವರೇ, ನೀರ ಕುಡಿಯಾಕ ನಾಕ ನಿಮಿಷ ತಗೊಂಡ್ರಿ ಅಂದ. ಕುಡದಿದ್ದು ಒಂದ ಗುಟುಕಬೇ. ಮೂರ ನಿಮಿಷ ಕೈ ನಡಗಾಕತ್ತಿದ್ವು, ಮುಚ್ಚಳ ಬಿಚ್ಚಾಕ ಬರಲಿಲ್ಲ.” ಕುರಿ ಅವನ ಗುಂಡಿಯನ್ನು ಕಚ್ಚುತ್ತಿತ್ತು. “ಮತ್ತ ನೀ. ಮಾಸ್ತರ ಕುರ್ಚಿಗೆ ಅಂಟ ಹಚ್ಚಿದ್ದಿಯಂತ. ಮನ್ಯಾಗ ಛಲೋ ಆತು ಅಂದೆ. ಛಲೋ ಆಗಿದ್ದಿಲ್ಲ ಅದು. ಅಷ್ಟ ಓದೂ ಹುಡುಗಿ, ಕೈಯಾಗಿನ ಬುದ್ಧಿ ಹಿಂಗ ಹಾಳ ಮಾಡ್ತೀಯೇನು? ಸಿಟ್ಟೂ ಬಂತು, ನಗೂನೂ ಬಂತು. ಎರಡೂ ಮನಿಗೆ ಒಯ್ಯಾಕ ಹೆದರಿಕಿ. ದೂರಸಾಲಿಗೆ ಹಾಕಿದ್ರ ನಿನ್ನ ಮಾರಿ ಯಾವಾಗ ನೋಡ್ಲಿ?” ಹೀಗೆಂದವನು ಅಂಟಿನ ಕುರ್ಚಿ ನೆನೆದು ಗಟ್ಟಿಯಾಗಿ ನಕ್ಕ. ಮಾಸ್ತರು ಕುರ್ಚಿಸಮೇತ ಎದ್ದದ್ದನ್ನು ಕುರಿಗೆ ಅಭಿನಯಿಸಿ ತೋರಿಸಿದ. ಬಾಗಿಲ ಮೇಲೆ ಒಂಬತ್ತು.

ನಾಲ್ಕು ವರ್ಷದ ನನ್ನ ಬೈಗುಳ, ನನ್ನ ನಗು, ನನ್ನ ಹೆಸರು, ಎಲ್ಲ ಅದರ ಪಾಲಾಗಿದ್ದವು. ಅದಕ್ಕೆ ಅಂಟು ಎಂದರೇನೆಂದೂ ಗೊತ್ತಿಲ್ಲ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಯಪ್ಪಾ, ಅಂಟ ಹಚ್ಚಿದಾಕಿ ನಾನು, ಆ ಕುರಿ ಅಲ್ಲ. ಬೈಯೂದಿದ್ರ ನನಗ ಬೈ.”

ಅಪ್ಪ ಎದ್ದ. ಒಂಬತ್ತು ಇದ್ದದ್ದು ಎಂಬತ್ತೆಂಟಾಯಿತು. ಮೌಲಾಸಾಬ ಓಡಿ ಬಂದು ನನ್ನನ್ನೂ ಅಂಕಿಯನ್ನೂ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ. “ಮಾಳಪ್ಪಣ್ಣ, ಗಂಟಿ ಹೊಡಿಯಾಕ ಅರ್ಧ ತಾಸ ಐತಿ. ಮೂರನೇದ್ದು ಬಿದ್ದೀತು. ಶಾಂತ ಆಗು.”

ಶಾಂತವಾಗು ಎಂದರೆ ಶಾಂತವಾದವರು ಯಾರಿದ್ದಾರೆ. ಅಪ್ಪ ಬೈದ. ಕಿವಿಮೇಸ್ತ್ರಿಗೆ ಬೈಯಬೇಕಾದದ್ದನ್ನೂ ಸೇರಿಸಿ ಬೈದ. ಗೋಡೆಗೆ ಕೈ ಗುದ್ದಿದ. ಮೊದಲ ನಾಲ್ಕು ಬೈಗುಳ ನನಗೆ ಹೋಳಿಗೆಯಂತಿದ್ದವು, ಒಪ್ಪಿಕೊಳ್ಳುತ್ತೇನೆ. ಐದನೆಯದಕ್ಕೆ ಅವನ ಕಣ್ಣು ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಬಾಗಿಲ ಮೇಲೆ ತೊಂಬತ್ತನಾಲ್ಕು. ನಾನು ಹಿಂದಕ್ಕೆ ಸರಿದು ಹುಲ್ಲಿನ ಹೊರೆಗೆ ಒತ್ತಿಕೊಂಡೆ. ನಿನ್ನ ತಮ್ಮನ ಚಡ್ಡಿಯ ಬಗ್ಗೆ ನಾನು ಈವರೆಗೆ ನಕ್ಕಿದ್ದೆ. ಅದಕ್ಕೆ ಅವನ ಕ್ಷಮೆ ಕೇಳಿದ್ದೇನೆಂದು ತಿಳಿಸು. ಹೊಟ್ಟೆಕಿಚ್ಚಿನಿಂದ ಬಂದು, ಇದ್ದ ಅಪ್ಪನನ್ನೂ ನಾಲ್ಕು ದಿನದ ಹಾದಿಗೆ ನಾನೇ ಅಟ್ಟುತ್ತಿದ್ದೆ.

ಏನು ಮಾಡುವುದೆಂದು ತಿಳಿಯಲಿಲ್ಲ. ಕುರಿ ಏನು ಮಾಡುತ್ತಿತ್ತೋ ಅದನ್ನೇ ಮಾಡಿದೆ. ಅದರ ಪಕ್ಕ ಹುಲ್ಲಿನಲ್ಲಿ ಕೂತು ಬಾಯಿ ಮುಚ್ಚಿಕೊಂಡೆ. ಈ ಎರಡನೆಯ ಕೆಲಸ ನನಗೆ ಹುಟ್ಟಿದಂದಿನಿಂದ ಅಭ್ಯಾಸವಿಲ್ಲ. ಅಪ್ಪನ ಮಾತು ಬರಬರುತ್ತ ಸಣ್ಣದಾಗಿ, ಕೊನೆಗೆ ಮುಗಿಯಿತು. ಅವನೂ ಕೂತ. ಅವನ ಕೈ ರೂಢಿಯಂತೆ ಕುರಿಯ ತಲೆ ಹುಡುಕಿತು. ಸಿಕ್ಕಿದ್ದು ನನ್ನದು. ಅಲ್ಲೇ ನಿಂತಿತು. ಆಮೇಲೆ ನನ್ನ ಅಂಗೈ ಎತ್ತಿ ಮೂಸಿದ.

“ಕುರಿಗೆ ಒಗ್ಗರಣಿ ಹಾಕಿದಾಕಿ ನೀನೇನು?”

“ಹ್ಞೂಂ.”

“ಯಾಕಬೇ?”

“ಅದು ನನ್ನ ಹೆಸರು ತಗೊಂಡೈತಿ.”

ಅಪ್ಪ ನನ್ನನ್ನು ಎಳೆದು ತನ್ನ ಮುಂದೆ ಕೂರಿಸಿಕೊಂಡ. ಹುಲ್ಲಿನಲ್ಲಿ ಅಡಗಿದ್ದರಿಂದ ನನ್ನ ಜಡೆ ಗಂಟಾಗಿತ್ತು. ಅದನ್ನು ಬಿಚ್ಚತೊಡಗಿದ. ಕಡ್ಡಿ ಒಂದೊಂದೇ ಆರಿಸಿ ತೆಗೆದ. ಅವನಿಗೆ ಗೊತ್ತಿದ್ದದ್ದು ಉಣ್ಣೆಯ ಹಗ್ಗ ಹೊಸೆಯುವುದು. ಹಾಗೇ ಹೊಸೆದ, ಬಿಗಿಯಾಗಿ, ಒಂದು ಕಿವಿಯ ಕಡೆಗೆ ಸೊಟ್ಟಗೆ. ಕಣ್ಣಲ್ಲಿ ನೀರು ಬರುವಷ್ಟು ಎಳೆಯುತ್ತಿತ್ತು. ನಾನು ತಲೆ ಅಲ್ಲಾಡಿಸಲಿಲ್ಲ, ಕಣ್ಣು ಮಾತ್ರ ಬಾಗಿಲ ಮೇಲೆ. ಎಪ್ಪತ್ತು. ಐವತ್ತೆರಡು. ನಲವತ್ತಮೂರರಲ್ಲಿ ಬಹಳ ಹೊತ್ತು ನಿಂತಿತು. ಮೌಲಾಸಾಬ ಗಂಟೆಯ ಹಗ್ಗ ಹಿಡಿದು ಮೇಲೆ ಕೆಳಗೆ ನೋಡುತ್ತಿದ್ದ. ಜಡೆಯ ತುದಿಗೆ ಗಂಟು ಬಿತ್ತು.

“ಮೂವತ್ತೊಂಬತ್ತೈತಿ. ಏಳ್ರಿ, ನಡೀರಿ” ಎಂದು ಮೌಲಾಸಾಬ ನಮ್ಮಿಬ್ಬರನ್ನೂ ಹೊರಗೆ ದಬ್ಬಿದ. ಬೆನ್ನ ಹಿಂದೆ ಗಂಟೆ ಬಾರಿಸಿತು.

ಮನೆಯವರೆಗೂ ಅಪ್ಪ ಅಂಟಿನ ವಿಷಯವಾಗಿ ಬೈಯುತ್ತಲೇ ಬಂದ. ನಾನು ಎದುರುತ್ತರ ಕೊಡುತ್ತಲೇ ಬಂದೆ. ಎಂಟನೆಯ ಸಾಲಿನವರು ಕಿಟಕಿ ತೆರೆದು ನೋಡಿದರು, ನನಗೆ ಮೆರವಣಿಗೆಯಲ್ಲಿ ಬಂದಂತಾಯಿತು. ಊಟಕ್ಕೆ ಕೂತಾಗ ಅಪ್ಪ “ಪಲ್ಯಾಕ ಉಪ್ಪ ಹೆಚ್ಚಾಗೈತಿ” ಎಂದ. ನಾಲ್ಕು ವರ್ಷದಲ್ಲಿ ಮೊದಲ ತಕರಾರು. ಅವ್ವ ಸೌಟು ಹಿಡಿದು ಅವನನ್ನೇ ನೋಡಿದಳು.

“ಹೆಚ್ಚಾದ್ರ ನಾಳಿಂದ ನೀ ಮಾಡು” ಎಂದಳು. ಹೇಳಿ ಆ ಕಡೆ ತಿರುಗಿದಳು. ಬೆನ್ನು ನಗುತ್ತಿದ್ದದ್ದು ನನಗೆ ಕಾಣಿಸಿತು.

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ತಿಳಿಯಬೇಡ. ಎಪ್ಪತ್ತೊಂದರಿಂದ ಒಂಬತ್ತಕ್ಕೆ ಅಷ್ಟು ಬೇಗ ಇಳಿದದ್ದು ಕಂಪನಿಯ ಗಮನಕ್ಕೆ ಬಂದು ಸುತ್ತೋಲೆ ಹೊರಟಿತು. ಈಗ ತಣಿಮನೆಯ ಎಲ್ಲ ಕುರಿಗಳಿಗೂ ಬಳ್ಳೊಳ್ಳಿ ಎಣ್ಣೆ ಕಡ್ಡಾಯ. ಮಕ್ಕಳಿಗೆ ಪ್ರವೇಶ ನಿಷೇಧ. ಕಿವಿಮೇಸ್ತ್ರಿ ಈಗಲೂ ‘ಮುಂದಿನದು’ ಎನ್ನುತ್ತದೆ. ಅದಕ್ಕೆ ಎಣ್ಣೆ ಹಚ್ಚುವ ಉಪಾಯ ನನಗಿನ್ನೂ ಹೊಳೆದಿಲ್ಲ. ಆದರೆ ಅಪ್ಪ ಈಗ ಹತ್ತಕ್ಕೆ ಕಾಯುವುದಿಲ್ಲ. ಮೂವತ್ತೊಂಬತ್ತು ಆದೊಡನೆ ಎದ್ದು ಬರುತ್ತಾನೆ. ಹೊಸ್ತಿಲಲ್ಲಿ ಕಾಲು ಎಡವಿದರೆ ನಲವತ್ತು, ಮೂರನೆಯ ಗುರುತು. ಅವ್ವನಿಗೆ ಅದು ಗೊತ್ತು, ನನಗೂ ಗೊತ್ತು. ದಿನಾ ಸಂಜೆ ನಾನು ಕಿಟಕಿಯಲ್ಲಿ ಕೂತು ದೂರದ ಆ ಕೆಂಪು ಅಂಕಿಯನ್ನು ನೋಡುತ್ತೇನೆ. ಬೆಳಕು ಮುಳುಗದ ಕಾಲವಾದ್ದರಿಂದ ಕಣ್ಣು ಕಿರಿದು ಮಾಡಬೇಕು. ನಮ್ಮ ಮನೆ ನಿಂತಿರುವುದು ಆ ಒಂದು ಅಂಕಿಯ ಮೇಲೆ.

ಹೊಟ್ಟೆಕಿಚ್ಚು ಹೋಗಿಲ್ಲ. ಎಪ್ಪತ್ತೊಂದರಲ್ಲಿ ಮೇಲಿನ ಮೂವತ್ತೆರಡು ಈಗಲೂ ಕುರಿಗೆ, ಉಳಿದದ್ದು ನನಗೆ. ನಿನಗೆ ಇಡೀ ಅಪ್ಪ ಸಿಕ್ಕಿದ್ದ, ತಾಟು ಜಡೆ ಎಲ್ಲ ಸೇರಿ. ಅದೆಲ್ಲ ನನಗೇ ಬೇಕೆಂದು ಮೊದಲು ಹಟವಿತ್ತು. ತೊಂಬತ್ತನಾಲ್ಕನ್ನು ಕಂಡ ಮೇಲೆ ತಾಟು ಬೇಡ ಎನ್ನಿಸಿದೆ. ಜಡೆಯ ಮೇಲಿನ ಆಸೆ ಹಾಗೇ ಇದೆ.

ಆದ್ದರಿಂದ ಒಂದು ವಿನಂತಿ. ನಿನ್ನ ಕೊನೆಯ ಸಾಲಿನ ಕೆಳಗೆ, ಮಾಸ್ತರರ ಕೆಂಪು ಶಾಯಿಯ ಪಕ್ಕ, ಎರಡು ಗೆರೆ ಖಾಲಿ ಇವೆ. ಅವನ್ನು ನಾನು ಮುಟ್ಟಿಲ್ಲ. ಬಾಗಿಲಲ್ಲೇ ಇಸಕೊಂಡರೆ ಚೆನ್ನಾಗಿರುತ್ತಿತ್ತು ಎಂದು ಬರೆದೆಯಲ್ಲ, ಅದನ್ನು ಹೊಡೆದುಹಾಕಬೇಡ. ಅದರ ಕೆಳಗೆ ಇಷ್ಟು ಸೇರಿಸು: ‘ಪೂರ್ತಿ ಇಸಕೊಳ್ಳಬೇಡಿ. ಜಡೆ ಹೆಣೆಯುವಷ್ಟು ಬಿಡಿ.’ ಇವತ್ತೇ ಬರೆ. ನಿಯಮ ಮಾಡುವವರು ಬಹಳ ನಿಧಾನಕ್ಕೆ ಓದುತ್ತಾರೆ. ಅಕ್ಷರ ದುಂಡಾಗಿರಲಿ.

ನಿನ್ನ ಸೊಟ್ಟ ಜಡೆಯ ಮೇಲೆ ಕಣ್ಣಿಟ್ಟಿರುವ,
ಹುಲಿಗೆಮ್ಮ (ಮೊದಲನೆಯವಳು, ಎರಡನೆಯವಳು ಕುರಿ)